ಮೂರನೇ ಕೂಗು

ನಮ್ಮತ್ತೆಯ ಹಿಮ್ಮಡಿಯ ಬಿರುಕಿನಲ್ಲಿ ಎಂಟಾಣೆ ನಾಣ್ಯವನ್ನು ನೆಟ್ಟಗೆ ನಿಲ್ಲಿಸಬಹುದಿತ್ತು. ನನ್ನ ಮಗಳು ಚಿಕ್ಕವಳಿದ್ದಾಗ ಹಾಗೆ ನಿಲ್ಲಿಸಿ ಆಡಿದ್ದೂ ಉಂಟು. ಯಗಟಿ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಮದುವೆಯಾಗುವವರೆಗೂ ಮಂದೆಯ ಹಿಂದೆ ಬರಿಗಾಲಲ್ಲಿ ನಡೆದ ಪಾದ ಅದು. ಕಡೂರಿನ ನಮ್ಮ ಮನೆಗೆ ಬಂದು ಇರತೊಡಗಿದ ಮೇಲೂ, ಟೈಲ್ಸ್ ನೆಲದ ಮೇಲೆ ಅವರು ನಡೆದರೆ ಸರಸರ ಸದ್ದಾಗುತ್ತಿತ್ತು. ಅವರು ಯಾವ ಕೋಣೆಯಲ್ಲಿದ್ದಾರೆಂದು ನಾನು ಆ ಸದ್ದಿನಿಂದಲೇ ತಿಳಿದುಕೊಳ್ಳಬೇಕಿತ್ತು. ಏಕೆಂದರೆ ಕರೆದರೆ ಅವರು ಓಗೊಡುತ್ತಿರಲಿಲ್ಲ.

ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಇಲ್ಲಿಂದಲೇ ಹೇಳುತ್ತಿದ್ದರು. ಆದರೆ ಒಂದನೇ ಕೂಗಿಗೆ, ಎರಡನೇ ಕೂಗಿಗೆ ಅವರ ಬಾಯಿ ತೆರೆಯುತ್ತಿರಲಿಲ್ಲ. ಮೂರನೇ ಸಲ ‘ಅತ್ತೇ’ ಅಂದರೆ ಮಾತ್ರ ನಿಧಾನವಾಗಿ ‘ಓ’ ಎನ್ನುವರು. ಗಾಳಿ, ದೆವ್ವ, ಸಾವು ಎಲ್ಲವೂ ನಮ್ಮವರ ದನಿಯಲ್ಲೇ ಕರೆಯುತ್ತವಂತೆ. ಆದರೆ ಮೂರು ಸಲ ಕರೆಯುವಷ್ಟು ತಾಳ್ಮೆ ಅವಕ್ಕೆ ಇಲ್ಲವಂತೆ. ನಾನು ಸಿಡುಕಿದಾಗಲೆಲ್ಲ, “ಮೂರು ಸಲ ಕರೆಯೋಳು ಮನೆಯೋಳೇ ಕಣೇ” ಎಂದು ನನಗೇ ಬುದ್ಧಿ ಹೇಳುತ್ತಿದ್ದರು.

ನಾನು ಸ್ಕೂಲ್ ಟೀಚರು. ದಿನಾ ಅಜ್ಜಂಪುರಕ್ಕೆ ಹೋಗಿ, ಮಕ್ಕಳ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡು, ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬರುವವಳು. ಮನೆಗೆ ಬಂದ ಮೇಲೆ ಕಾಫಿ ಬೇಕಾ ಎಂದು ಕೇಳಲಿಕ್ಕೂ ಮೂರು ಸಲ ಕರೆಯಬೇಕೆಂದರೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟೋ ಸಂಜೆ ಎರಡು ಸಲ ಕರೆದು, ಬರದಿದ್ದರೆ ಬಿಡಲಿ ಎಂದು ನಾನೊಬ್ಬಳೇ ಕುಡಿದಿದ್ದೇನೆ. ಅದಕ್ಕೆ ಅವರು ಒಂದು ದಿನವೂ ಏನೂ ಅನ್ನಲಿಲ್ಲ. ತಣ್ಣಗಾದದ್ದನ್ನು ತಾವೇ ಬಂದು ಕುಡಿದು ಲೋಟ ತೊಳೆದಿಡುತ್ತಿದ್ದರು.

ಮಗಳು ಚೀನಾದಲ್ಲಿ ಡಾಕ್ಟರ್ ಓದು ಮುಗಿಸಿದಾಗ, ಅವಳು ಪದವಿ ತೆಗೆದುಕೊಳ್ಳುವುದನ್ನು ನೋಡಲು ನಾನೂ ಯಜಮಾನರೂ ಹೋಗಬೇಕೆಂದಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವರಿಗೆ ಅಷ್ಟು ದಿನ ರಜೆ ಸಿಗುವಂತಿರಲಿಲ್ಲ. ಅತ್ತೆ ಎಲೆಅಡಿಕೆ ಚೀಲದ ದಾರ ಎಳೆಯುತ್ತ, “ಅವ್ನು ಬರ್ದಿದ್ರೆ ನಾನು ಬತ್ತೀನಿ” ಎಂದರು. ತಮಾಷೆಗೆ ಅಂದದ್ದು ಎಂದುಕೊಂಡೆ. ಅಲ್ಲ. ಪಾಸ್‌ಪೋರ್ಟು, ವೀಸಾ ಅಂತ ಅವರನ್ನು ಕಟ್ಟಿಕೊಂಡು ಅಲೆದವಳು ನಾನೇ. ಸವೆದುಹೋದ ಅವರ ಬೆರಳಿನ ಅಚ್ಚು ಮೆಷಿನ್ನಿಗೆ ಹತ್ತಲಿಲ್ಲ. ಮತ್ತೆ ಮತ್ತೆ ಒತ್ತಿಸಬೇಕಾಯಿತು. ವಿಮಾನ ಹತ್ತುವ ಹೊತ್ತಿಗೇ ನಾನು ಸೋತು ಸುಣ್ಣವಾಗಿದ್ದೆ.

ಸಮಾರಂಭ ಮುಗಿದ ಮೇಲೆ ಮಗಳು ನಮ್ಮಿಬ್ಬರನ್ನು ಒಂದು ಬೆಟ್ಟಕ್ಕೆ ಕರೆದುಕೊಂಡು ಹೋದಳು. ಅರ್ಧದವರೆಗೆ ಕೇಬಲ್ ಕಾರು, ಅಲ್ಲಿಂದ ತುದಿಯವರೆಗೆ ಕಲ್ಲಿನ ಮೆಟ್ಟಿಲು. ಹತ್ತುವುದಕ್ಕೆ ಒಂದು ದಾರಿ, ಇಳಿಯುವುದಕ್ಕೆ ಇನ್ನೊಂದು. ಮೇಲಿನಿಂದ ಕಾಣುವ ನೋಟಕ್ಕೆ ಹೆಸರಾದ ಜಾಗವಂತೆ. ನಮಗೆ ಕಂಡದ್ದು ಬರೀ ಮಂಜು. ಸುತ್ತಲಿನವರೆಲ್ಲ ಹಳದಿ ಪ್ಲಾಸ್ಟಿಕ್ ಕೋಟು ತೊಟ್ಟಿದ್ದರೆ, ಅತ್ತೆ ಊರಿನಿಂದ ತಂದಿದ್ದ ಕರಿಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು, ಹೊಸ ಶೂಗಳನ್ನು ಲೇಸಿನಿಂದ ಹೆಗಲಿಗೆ ನೇತುಹಾಕಿಕೊಂಡು ಬರಿಗಾಲಲ್ಲೇ ಹತ್ತಿದರು. ಅಲ್ಲಿನ ಹುಡುಗಿಯರು ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. “ಕೆಮ್ಮಣ್ಣುಗುಂಡಿ ಇದ್ದಂಗೇ ಐತಲ್ಲೇ, ಇದ್ಕೆ ಇಷ್ಟು ದೂರ ಬರ್ಬೇಕಿತ್ತಾ?” ಎಂದು ಅತ್ತೆ ನಕ್ಕರು. ನನಗೆ ನಗಲಿಕ್ಕೂ ಉಸಿರಿರಲಿಲ್ಲ.

ಕೊನೆಯ ಕೇಬಲ್ ಕಾರಿಗೆ ಸಾಲು ಹಿಡಿಯಬೇಕೆಂದು ಮಗಳು ಮೊದಲೇ ಇಳಿದುಹೋದಳು. ನನ್ನ ಮೊಣಕಾಲು ಇನ್ನು ಆಗದು ಎಂದಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಲಿನ ತಿರುವಿನ ತನಕ ನೋಡಿಕೊಂಡು ಬರುತ್ತೇನೆಂದು ಅತ್ತೆ ಹೋದರು. ಹತ್ತು ಮೆಟ್ಟಿಲು ಹತ್ತುವುದರೊಳಗೆ ಕಂಬಳಿಯೂ ಕಾಣದಾಯಿತು. ಅರ್ಧ ಗಂಟೆ ಕಳೆಯಿತು. ಎದ್ದು ನಿಂತು ‘ಅತ್ತೇ’ ಎಂದು ಕರೆದೆ. ಸದ್ದಿಲ್ಲ. ಇನ್ನೊಂದು ಸಲ ಕರೆದೆ. ಸದ್ದಿಲ್ಲ.

ಮೂರನೇ ಸಲ ಕರೆಯಬೇಕೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ದೇಶ ಬಿಟ್ಟು ಬಂದರೂ ಇದೇ ಆಟವಾ ಎಂದು ಸಿಟ್ಟು ಬಂತು, ಅಷ್ಟೇ. ಇಳಿಯುವ ದಾರಿಯಲ್ಲಿ ಆಗಲೇ ಕೆಳಗೆ ಹೋಗಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಮೆಟ್ಟಿಲು ಇಳಿದೆ.

ಕೆಳಗೆ ಮಗಳು ಒಬ್ಬಳೇ ನಿಂತಿದ್ದಳು. ಅಜ್ಜಿ ಎಲ್ಲಿ ಎಂದು ಕೇಳಿದಳು. ಎಪ್ಪತ್ತು ದಾಟಿದ ಜೀವ. ಚೀನೀ ಭಾಷೆ ಹಾಗಿರಲಿ, ಹಿಂದಿಯ ಒಂದು ಮಾತೂ ಬಾರದು. ಕತ್ತಲಾಗಲು ಹೆಚ್ಚು ಹೊತ್ತಿರಲಿಲ್ಲ. ಮಗಳು ಅಳುತ್ತಲೇ ಅಲ್ಲಿನವರಿಗೆ ಅವರ ಭಾಷೆಯಲ್ಲಿ ವಿವರಿಸಿದಳು. ಅವರು ಅವಳ ಕೈಗೇ ಮೈಕು ಕೊಟ್ಟರು. “ಅಜ್ಜೀ, ಕೆಳಕ್ಕೆ ಬಾ” ಎಂಬ ನಮ್ಮ ಕನ್ನಡ ಆ ಬೆಟ್ಟಕ್ಕೆಲ್ಲ ಕೇಳಿಸಿತು. ಯಾರೂ ಬರಲಿಲ್ಲ. ಅಜ್ಜಿ ಇನ್ನೊಂದು ದಾರಿಯಲ್ಲಿ ಬಂದರೆ ಇರಲಿ ಎಂದು ಮಗಳನ್ನು ಅಲ್ಲೇ ನಿಲ್ಲಿಸಿ, ಟಾರ್ಚು ಹಿಡಿದ ಒಬ್ಬ ಕಾವಲುಗಾರನ ಜೊತೆ ನಾನು ಮತ್ತೆ ಮೇಲೆ ಹತ್ತಿದೆ. ಯಜಮಾನರಿಗೆ ಏನೆಂದು ಹೇಳಲಿ? ನಿಮ್ಮವ್ವನನ್ನು ಬೆಟ್ಟದಲ್ಲಿ ಬಿಟ್ಟು ಬಂದೆ ಎನ್ನಲೇ? ನಾನು ಕೂತಿದ್ದ ಮೆಟ್ಟಿಲು ಸಿಕ್ಕಿದೊಡನೆ ನಿಂತು ಕರೆದೆ. ಒಂದು ಸಲ. ಎರಡು ಸಲ. ಮೂರನೇ ಸಲ.

“ಓ.”

ಇಪ್ಪತ್ತು ಮೆಟ್ಟಿಲಾಚೆ, ತಿರುವಿನಲ್ಲೇ ಕೂತಿದ್ದರು. ಕಂಬಳಿಯ ಕೂದಲ ತುದಿಗೆಲ್ಲ ನೀರಹನಿ. ಕೇಳಿಸಲಿಲ್ಲವಾ, ಆಗಲೇ ಕರೆದೆನಲ್ಲ ಎಂದು ರೇಗಿದೆ.

“ಕೇಳಿಸ್ತು. ಮೂರನೇದಕ್ಕೆ ಕಾಯ್ಕಂಡು ಕೂತೆ. ನೀನು ಕರೀಲೇ ಇಲ್ಲ.”

ಮೈಕಿನ ಕೂಗೂ ಕೇಳಿಸಿತಂತೆ. ಅದೂ ಒಂದೇ ಸಲ ಬಂತಂತೆ. ಮಂಜಿನಲ್ಲಿ ತಪ್ಪಿದ ಕುರಿ ಅಲೆದಾಡಿದರೆ ಕೆಟ್ಟಿತು, ನಿಂತಲ್ಲೇ ನಿಂತರೆ ಹುಡುಕುವವರು ಬಂದೇ ಬರುತ್ತಾರೆ ಎಂದರು. ನಾನು ಅವರ ಪಕ್ಕ ಕುಸಿದು ಕೂತು ಜೋರಾಗಿ ಅಳತೊಡಗಿದೆ. ಕಾವಲುಗಾರ ಟಾರ್ಚು ಕೆಳಗಿಳಿಸಿ ಬೇರೆ ಕಡೆ ನೋಡಿದ. ಅತ್ತೆ ಕಂಬಳಿಯ ಒಂದು ಮಡಿಕೆ ಬಿಚ್ಚಿ ನನ್ನ ಹೆಗಲಿಗೆ ಹಾಕಿದರು.

“ನಮ್ಮಪ್ಪನೂ ಇಂಥ ಮಂಜಲ್ಲೇ ಹೋಗಿದ್ದು ಕಣವ್ವ. ಲಿಂಗದಳ್ಳಿ ಮೇಲಿನ ಬೆಟ್ಟಕ್ಕೆ ಮಂದೆ ಹೊಡ್ಕಂಡು ಹೋಗಿದ್ವಿ. ಬೆಳಗಿನ ಜಾವ, ‘ಓ, ಬಂದೆ’ ಅಂತ ಎದ್ದು ಹೋದ. ಇಳಿಜಾರಲ್ಲಿ ಬಿದ್ದು ಹೋಗ್ಬಿಟ್ಟಿದ್ದ. ನಮ್ಮವ್ವ ಕರೆದಿರ್ಲಿಲ್ಲ. ಅವ್ಳು ನನ್ನ ಪಕ್ಕದಾಗೇ ಮಲಗಿದ್ಲು.”

ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದರೂ ಇದನ್ನು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಏಳುವಾಗ ನನ್ನ ಮೊಣಕಾಲನ್ನು ಒತ್ತಿ ನೋಡಿ, “ನಿಂಗೆ ಸುಸ್ತಾಗಿತ್ತು, ನಂಗೊತ್ತು. ಆದ್ರೂ ಎರಡಕ್ಕೇ ನಿಲ್ಲಿಸ್ಬೇಡ” ಎಂದರು. ಕೆಳಗೆ ಕೊನೆಯ ಕೇಬಲ್ ಕಾರನ್ನು ನಮಗಾಗಿ ನಿಲ್ಲಿಸಿಕೊಂಡಿದ್ದರು.

ಊರಿಗೆ ಬಂದ ಮೇಲೆ ಸುಸ್ತೇನೂ ಕಡಿಮೆಯಾಗಲಿಲ್ಲ. ಅದೇ ಬಸ್ಸು, ಅದೇ ಅಜ್ಜಂಪುರ, ಅದೇ ಗಂಟಲು. ಆದರೆ ಸಂಜೆ ಮೂರು ಸಲ ಕರೆಯುತ್ತಿದ್ದೆ, ಅವರು ಓಗೊಡುತ್ತಿದ್ದರು, ಇಬ್ಬರೂ ಕೂತು ಬಿಸಿಬಿಸಿ ಕಾಫಿ ಕುಡಿಯುತ್ತಿದ್ದೆವು. ಒಂದು ದಿನ ನಾನು ಬೇಕೆಂದೇ ಮೂರು ಕೂಗನ್ನೂ ಒಂದೇ ಉಸಿರಿಗೆ ಕೂಗಿದ್ದಕ್ಕೆ, ಕಳ್ಳ ಲೆಕ್ಕ ನಡೆಯಲ್ಲ ಎಂದು ಗದರಿ, ಮತ್ತೆ ಮೊದಲಿಂದ ಕರೆಸಿಕೊಂಡರು.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ದನಿ ಅಡಗಿತ್ತು, ಮೂರನೇ ಕೂಗಿಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಒಂದು ಬೆಳಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಅವರಿಗೆ ರಾಗಿ ಅಂಬಲಿ ಕಾಸುತ್ತಿದ್ದೆ. ಯಜಮಾನರು ಬಚ್ಚಲಲ್ಲಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೋಣೆಯಿಂದ, ಎಷ್ಟೋ ದಿನದಿಂದ ಕೇಳದಿದ್ದ ಗಟ್ಟಿ ದನಿ ಬಂತು.

“ಓ, ಬಂದೆ.”

ನಾನು ಕರೆದಿರಲಿಲ್ಲ.

ಸೌಟು ಅಲ್ಲೇ ಬಿಟ್ಟು ಓಡಿದೆ. ಅವರ ಪಾದದ ಹತ್ತಿರ ಕೂತು, ಬಿರಿದ ಹಿಮ್ಮಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕರೆದೆ. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೂ ನಿಲ್ಲಿಸಲಿಲ್ಲ. ಯಜಮಾನರು ಒದ್ದೆ ಮೈಯಲ್ಲೇ ಬಂದು ನನ್ನ ಬಾಯಿಯ ಮೇಲೆ ಕೈಯಿಡುವವರೆಗೂ ಕರೆಯುತ್ತಲೇ ಇದ್ದೆ.