ಸೊಲ್ಲು ಹೇಳುವವರು

ಆ ಭಾನುವಾರ ಬಿಡದಿಯ ಫ್ಯಾಕ್ಟರಿಗೆ ರಜೆ. ಬೈರಾಪಟ್ಟಣಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮೇಲಿನ ಗದ್ದೆ ನಾಟಿ ಮುಗಿದಿತ್ತು, ಕೆಳಗಿನದು ಬುಧವಾರಕ್ಕೆ ಇತ್ತು. ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದಳು. ನಾನು ಮೊಬೈಲಿನಲ್ಲಿ ಒಂದು ಬ್ಲೂಸ್ ಹಾಡು, ಅಮೆರಿಕದ ಕಪ್ಪು ಜನರದು, ಹಾಕಿದೆ. ಶಿಫ್ಟ್ ಬಸ್ಸಿನಲ್ಲಿ ಅದನ್ನು ಕೇಳುವುದು, ಅದರ ಬಗ್ಗೆ ಸಿಕ್ಕಿದ್ದನ್ನು ಓದುವುದು ನನಗೆ ಅಭ್ಯಾಸವಾಗಿತ್ತು.

"ಯಾರ್ಲಾ ಇವ್ನು? ಎಂಡ್ತಿ ಬುಟ್ಟೋದ್ಲಾ?" ಅಂದಳು.

"ಇರಬೇಕು ಕಣಕ್ಕ."

"ಒಬ್ನೇ ಹಾಡ್ತಾವ್ನಲ್ಲ, ಸೊಲ್ಲು ಹೇಳೋರಿಲ್ವಾ?"

ನಾಟಿಯಲ್ಲಿ ಪದ ಎತ್ತುತ್ತಿದ್ದವಳು ಅಕ್ಕ. ಅವಳ ಸಾಲಿಗೆ ಉಳಿದ ಹೆಂಗಸರು ಒಟ್ಟಿಗೆ ಕೊಡುವ ಉತ್ತರವೇ ಸೊಲ್ಲು.

ಮೊದಲು ಇದ್ದರು ಎಂದೆ. ಆಫ್ರಿಕಾದಿಂದ ಹಿಡಿದು ತಂದು ಮಾರಿದ ಜನ ಅಮೆರಿಕದ ಹೊಲಗಳಲ್ಲಿ ದುಡಿಯುವಾಗ ಒಬ್ಬ ಕೂಗುತ್ತಿದ್ದ, ಉಳಿದವರು ಉತ್ತರ ಕೊಡುತ್ತಿದ್ದರು. ಗುಲಾಮಗಿರಿ ಹೋಯಿತು, ಬಡತನ ಹೋಗಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಗಿಟಾರ್ ಹಿಡಿದು ಊರೂರು ಅಲೆದರು. ಜೊತೆಗೆ ಗುಂಪಿಲ್ಲ. ಸೊಲ್ಲು ಹೇಳುವ ಕೆಲಸ ಗಿಟಾರಿಗೆ ಬಂತು. ಒಂದು ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಮುಗಿಸುವುದು ರೂಢಿಯಾಯಿತು. ಮುಂದೆ ಜನ ರೈಲು ಹತ್ತಿ ಉತ್ತರದ ಫ್ಯಾಕ್ಟರಿ ಊರುಗಳಿಗೆ ಹೋದಾಗ ಹಾಡೂ ಹೋಯಿತು. ಅಲ್ಲಿನ ಗಲಾಟೆಯಲ್ಲಿ ಕೇಳಿಸಲೆಂದು ಗಿಟಾರಿಗೆ ಕರೆಂಟು ಕೊಟ್ಟರು.

"ಅಯ್ಯೋ, ಮನುಷ್ರು ಸಿಗ್ದೆ ಮರದ್ ಕೈಲಿ ಹೇಳಿಸ್ಕೊಂಡ್ರಾ!" ಎಂದು ನಕ್ಕಳು. "ಒಸಿ ಜೋರಾಗಿ ಇಡ್ಲಾ."

ನೀನೂ ಒಂದು ಪದ ಹೇಳು, ರೆಕಾರ್ಡ್ ಮಾಡ್ತೀನಿ ಅಂದೆ.

"ಕೈಯಲ್ಲಿ ಪೈರಿಲ್ದೆ ಪದ ಬತ್ತದಾ? ಬುಧ್ವಾರ ಗದ್ದೆ ತಾವ ಬಾ."

ನಾಟಿ ಪದವನ್ನು ನಮ್ಮವರು ಮನೆಯಲ್ಲಿ ಕೂತು ಹೇಳುವುದಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಕುಸಿದಳು. ಚನ್ನಪಟ್ಟಣದ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಳು. ಹೃದಯ ಅಂದರು.

ನಾಟಿಯಾಗಬೇಕಿದ್ದ ಪೈರು ಸಸಿಮಡಿಯಲ್ಲೇ ಬಲಿಯುತ್ತಿತ್ತು. ತಿಥಿ ಮುಗಿದ ಮಾರನೆಯ ದಿನವೇ ಕೆಳಗಿನ ಗದ್ದೆಗೆ ಅವಳ ಜೊತೆಗಾತಿಯರು ಇಳಿದರು. ನಾನು ಫೋನ್ ಹಿಡಿದು ಬದುವಿನ ಮೇಲೆ ನಿಂತೆ. ಬಹಳ ಹೊತ್ತು ಕೆಸರಿನಲ್ಲಿ ಕೈಯಾಡುವ ಸದ್ದು ಮಾತ್ರ.

"ಯಾರಾರ ಪದ ಎತ್ರವ್ವ."

"ನೀನೇ ಎತ್ತು. ನಂಗೆ ಸೊಲ್ಲು ಬುಟ್ರೆ ಏನ್ ಬತ್ತದೆ?"

ಕೊನೆಗೆ ಎಲ್ಲರೂ ಸೇರಿ ಸೊಲ್ಲನ್ನೇ ಹೇಳಿದರು. ಮುಂದಿನ ಸಾಲಿಗೆ ಕಾದರು. ಮತ್ತೆ ಅದನ್ನೇ ಹೇಳಿ ನಿಲ್ಲಿಸಿದರು. ಅಕ್ಕ ಸಾಲುಗಳನ್ನು ಆಗಿಂದಾಗ ಗದ್ದೆಯಲ್ಲೇ ಕಟ್ಟುತ್ತಿದ್ದಳು, ನೆನಪಿಟ್ಟುಕೊಳ್ಳುವ ಅಗತ್ಯ ಯಾರಿಗೂ ಬಂದಿರಲಿಲ್ಲ.

ಬ್ಲೂಸನ್ನು ಮೊದಲು ಹಾಡಿದವರ ದನಿಯೂ ಉಳಿದಿಲ್ಲವಂತೆ. ರೆಕಾರ್ಡ್ ಮಾಡುವವರು ಬರುವಷ್ಟರಲ್ಲಿ ಹಾಡಿಗೆ ವಯಸ್ಸಾಗಿತ್ತು. ಬಸ್ಸಿನಲ್ಲಿ ಈಗಲೂ ಕೇಳುತ್ತೇನೆ. ಹೆಂಗಸರು ಹೇಳಿದ ಸೊಲ್ಲು ನನ್ನ ಫೋನಿನಲ್ಲಿದೆ. ಅಕ್ಕನ ದನಿ ಇಲ್ಲ.