ಚಿಕ್ಕಮ್ಮನ ತೊಗಲಿನ ಮುಖವಾಡಗಳು

ನೆಂದ ತೊಗಲಿಗೆ ಒಂದು ವಾಸನೆಯಿದೆ. ಮಳೆಯಲ್ಲಿ ನೆನೆದು ಬಂದವರು ಬಾಗಿಲ ಮೂಲೆಯಲ್ಲಿ ಚಪ್ಪಲಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಒಳಮನೆಗೆ ಬರುತ್ತದೆ. ಪೂರಾ ಪ್ರಾಣಿಯದೂ ಅಲ್ಲ, ಪೂರಾ ಮರದ ತೊಗಟೆಯದೂ ಅಲ್ಲ. ಸ್ವಲ್ಪ ಹುಳಿ, ಸ್ವಲ್ಪ ಒಗರು, ಕೊನೆಯಲ್ಲಿ ಎಲ್ಲೋ ಒಂದಿಷ್ಟು ಸಿಹಿ. ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಾರೆ. ನಾನು ಮಾತ್ರ ಕೂತ ಕಡೆಯೇ ಕೂತಿದ್ದು, ಅರವತ್ತರ ದಶಕದ ಮೊದಲ ವರ್ಷಗಳ ಕೊಳ್ಳೇಗಾಲಕ್ಕೆ, ನಮ್ಮ ಹಿತ್ತಲಿನ ಸೌದೆ ಕೊಟ್ಟಿಗೆಗೆ ಹೋಗಿಬಿಡುತ್ತೇನೆ. ಆ ಮನೆ ಈಗಿಲ್ಲ. ನಡುಮನೆಯಲ್ಲಿ ಅಪ್ಪನ ಮಗ್ಗ, ಚಿಕ್ಕಪ್ಪನ ಮಗ್ಗ ಎದುರುಬದುರಾಗಿದ್ದವು. ಬೆಳಗಾದರೆ ಎರಡರ ಸದ್ದೂ ಒಂದಕ್ಕೊಂದು ಜವಾಬು ಕೊಟ್ಟಂತೆ ಕೇಳುತ್ತಿತ್ತು. ಹಿಂಬಾಗಿಲಲ್ಲಿ ಅವ್ವನ ಬಣ್ಣದ ಒಲೆ. ಸೀರೆಗೆ ಬೇಕಾದ ರೇಷ್ಮೆಗೆ ಬಣ್ಣ ಹಾಕುತ್ತಿದ್ದವಳು ಅವಳೇ. ಕುದಿಯುವ ಹಂಡೆಯ ಹತ್ತಿರ ನಾವು ಮಕ್ಕಳು ಸುಳಿದರೆ ಕಟ್ಟಿಗೆ ಎತ್ತುತ್ತಿದ್ದಳು. ಅವಳ ಕೈ ಮೊಳಕೈವರೆಗೂ ಒಂದು ದಿನ ಕುಂಕುಮದ ಬಣ್ಣ, ಒಂದು ದಿನ ನವಿಲಿನ ಬಣ್ಣ. ಆ ಕೈಗೆ ನಮ್ಮ ತಲೆ ಸವರುವಷ್ಟು ಬಿಡುವು ಇದ್ದದ್ದು ನನಗೆ ನೆನಪಿಲ್ಲ.

ಚಿಕ್ಕಪ್ಪ ಮದುವೆಯಾಗಿ ಮೈಸೂರಿನಿಂದ ಕರೆತಂದ ವಿಶಾಲಾಕ್ಷಿ ಚಿಕ್ಕಮ್ಮ ತನ್ನ ಟ್ರಂಕಿನಲ್ಲಿ ಸೀರೆಗಳ ಅಡಿ ಒಂದು ಗೋಣಿ ಸುರುಳಿಯನ್ನು ತಂದಿದ್ದರು. ಅದರೊಳಗೆ ಹದ ಮಾಡಿದ ಮೇಕೆ ತೊಗಲು, ಮರದ ಸುತ್ತಿಗೆ, ತೂತು ಹಾಕುವ ಉಳಿಗಳು, ಒಂದು ಬಾಗಿದ ಕತ್ತರಿ. ಹುಡುಗಿಯಾಗಿದ್ದಾಗ ಬೇಸಿಗೆ ರಜೆಯಲ್ಲಿ ಯಾರದೋ ಹತ್ತಿರ ಹವ್ಯಾಸಕ್ಕೆಂದು ಕಲಿತದ್ದಂತೆ. ಮೊದಲು ಪರ್ಸು, ಕನ್ನಡಕದ ಚೀಲ ಮಾಡುತ್ತಿದ್ದವರು ಆಮೇಲೆ ಮುಖವಾಡಕ್ಕೆ ಬಿದ್ದರಂತೆ. ಮದುವೆಯಾಗಿ ವರ್ಷಗಳಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಮಧ್ಯಾಹ್ನದ ಹೊತ್ತು ಸುಮ್ಮನೆ ಕೂರಲಾರದೆ ಒಂದು ದಿನ ಆ ಸುರುಳಿ ಬಿಚ್ಚಿದರು. ಅಜ್ಜಿ ಮನೆ ಹಾರಿಹೋಗುವಂತೆ ಕೂಗಿದಳು. ಕೋಪ ಬಂದರೆ ಅವಳು ಅರ್ಧ ತಮಿಳಿಗೆ ಹೊರಳುತ್ತಿದ್ದಳು, ಆ ದಿನ ಪೂರಾ ಹೊರಳಿದಳು. ಉಸಿರು ತೆಗೆದುಕೊಂಡು ಕನ್ನಡಕ್ಕೆ ಬಂದಾಗ, "ಪಟ್ಟೆ ನೇಯೋ ಮನೇಲಿ ತೊಗಲಾ? ಕೇಳ್ದೋರು ಏನಂದಾರು?" ಎಂದಳು. ಚಿಕ್ಕಮ್ಮ ಮೆಲ್ಲಗೆ, "ಭಜನೆ ಮನೆ ಮೃದಂಗಕ್ಕೆ ಏನು ಹೊದಿಸಿದಾರೆ ಅತ್ತೆ?" ಎಂದರು. ಕೊನೆಗೆ, ಸೌದೆ ಕೊಟ್ಟಿಗೆಯಲ್ಲಿ ಏನಾದರೂ ಮಾಡಿಕೋ, ಕೈಕಾಲು ತೊಳೆಯದೆ ಮಗ್ಗದ ಹತ್ತಿರ ಬರಬೇಡ ಎಂದು ರಾಜಿಯಾಯಿತು.

ನಾನೂ ಸರಸಕ್ಕನೂ ಅಲ್ಲಿಗೆ ಅಂಟಿಕೊಂಡೆವು. ಸರಸಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಮಾತು ಕಡಿಮೆ, ಕೈ ನಿಧಾನ. ನಾನು ಬಾಯಿಬಡುಕಿ. ಚಿಕ್ಕಮ್ಮ ಮೊದಲು ಜೇಡಿಮಣ್ಣಿನಲ್ಲಿ ಮುಖದ ಅಚ್ಚು ಮಾಡುತ್ತಿದ್ದರು. ತೊಗಲನ್ನು ನೀರಲ್ಲಿ ನೆನೆಸಿ, ಕೆನ್ನೆಗೆ ಒತ್ತಿದರೆ ತಣ್ಣಗೆ ಅನ್ನಿಸುವಷ್ಟು ಮಾತ್ರ ಆರಿಸಿ, ಅಚ್ಚಿನ ಮೇಲೆ ಹೊದಿಸಿ, ಹೆಬ್ಬೆರಳಿನಿಂದಲೂ ಚಮಚದ ಬೆನ್ನಿನಿಂದಲೂ ಕಣ್ಣಿನ ಗುಳಿ, ಮೂಗಿನ ಪಕ್ಕದ ತಗ್ಗು ಎಲ್ಲವನ್ನೂ ಒತ್ತಿ ಒತ್ತಿ ಎಬ್ಬಿಸಬೇಕು. ಆಮೇಲೆ ನೆರಳಲ್ಲಿ ಒಣಗಲು ಬಿಡಬೇಕು. ಬಿಡುವುದೇ ಕಷ್ಟ. ನಾನು ಮಾಡಿದ ಮೊದಲ ಜಿಂಕೆಯನ್ನು ತಡೆಯಲಾರದೆ ಬಿಸಿಲಿಗಿಟ್ಟೆ. ಸಂಜೆಗೆ ಅದು ಸುರುಟಿಕೊಂಡು ಹಲ್ಲಿಲ್ಲದ ಮುದುಕಿಯಾಗಿತ್ತು. ಸರಸಕ್ಕ ಮಾಡಿದ ಕರಡಿ ಮಾತ್ರ ಹನೂರಿನ ಕಾಡಿನಿಂದ ಈಗ ಇಳಿದು ಬಂದಂತೆ ನಮ್ಮನ್ನೇ ನೋಡುತ್ತಿತ್ತು. ಚಿಕ್ಕಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇವಳ ಬೆರಳಲ್ಲಿ ಏನೋ ಇದೆ" ಎಂದರು. ಆ ಮಾತು ನನ್ನ ಹೊಟ್ಟೆಯೊಳಗೆ ಹೊಕ್ಕು ಕೂತದ್ದು ಇವತ್ತಿಗೂ ಎದ್ದಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಬೆರಳುಗಳನ್ನು ಬಿಡಿಸಿ ನೋಡಿಕೊಂಡೆ. ಅಕ್ಕನವಕ್ಕಿಂತ ಉದ್ದವೇ ಇದ್ದವು.

ಬಣ್ಣಕ್ಕೆ ಚಿಕ್ಕಮ್ಮ ಅವ್ವನ ಹಂಡೆಯ ತಳದಲ್ಲಿ ಉಳಿದದ್ದನ್ನೇ ಕೇಳಿ ತರುತ್ತಿದ್ದರು. ರೇಷ್ಮೆಗೆ ಹಿಡಿಯುವ ಬಣ್ಣ ತೊಗಲಿಗೂ ಹಿಡಿಯುತ್ತಿತ್ತು. ಹತ್ತಿಯ ಉಂಡೆಯನ್ನು ಅದ್ದಿ, ಹಿಂಡಿ, ಸುತ್ತುಸುತ್ತಾಗಿ ತೆಳ್ಳಗೆ ಒಂದು ಸಲ, ಆರಿದ ಮೇಲೆ ಇನ್ನೊಂದು ಸಲ, ಹೀಗೆ ಹಚ್ಚುತ್ತಾ ಹೋದರೆ ಬಣ್ಣ ಒಳಗಿನಿಂದಲೇ ಹುಟ್ಟಿದಂತೆ ಏಳುತ್ತಿತ್ತು. ಕೊನೆಗೆ ಕೊಬ್ಬರಿ ಎಣ್ಣೆ, ಮೇಣ ಸೇರಿಸಿ ತಿಕ್ಕಿದರೆ ಹೊಳಪು. ನಾವು ಮೂವರೂ ಕೈ ಕೆಂಪು ಮಾಡಿಕೊಂಡು, ಏನೋ ತಮಾಷೆಗೆ ನಗುತ್ತಾ ಒಳಗೆ ಬಂದರೆ ಅವ್ವನ ನಗು ನಿಂತುಹೋಗುತ್ತಿತ್ತು. ಒಮ್ಮೆ ಪಕ್ಕದ ಮನೆಯವಳ ಹತ್ತಿರ ಅವಳು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. "ಬಣ್ಣ ನಂದು, ಮಕ್ಳೂ ನಂದು. ಎರಡೂ ಅವ್ಳ ಕೊಟ್ಟಿಗೇಲಿ ಬಿದ್ದವೆ ಕಣಕ್ಕ." ಅದು ಹೊಟ್ಟೆಕಿಚ್ಚು ಎಂದು ನನಗೆ ಆಗ ಗೊತ್ತಾಗಲಿಲ್ಲ. ನನ್ನದರಲ್ಲೇ ನಾನು ಬೇಯುತ್ತಿದ್ದೆ.

ಯಾಕೆಂದರೆ ಆಗ ಚಿಕ್ಕಮ್ಮ ಸರಸಕ್ಕನ ಮುಖವನ್ನೇ ಮುಖವಾಡ ಮಾಡಲು ಕೂತಿದ್ದರು. ಅಕ್ಕ ಮಣೆಯ ಮೇಲೆ ಅಲ್ಲಾಡದೆ ಕೂರುವಳು. ಚಿಕ್ಕಮ್ಮ ಮಣ್ಣು ಮೆತ್ತುತ್ತಾ ನಡುನಡುವೆ ಎದ್ದು ಅವಳ ಕೆನ್ನೆ, ಗಲ್ಲ, ಹುಬ್ಬಿನ ಮೂಳೆಯನ್ನು ಬೆರಳ ತುದಿಯಿಂದ ತಡವಿ ಅಳತೆ ನೋಡುವರು. ನೀರಿನ ಬಟ್ಟಲು ಹಿಡಿದು ಕೂರುವುದು ನನ್ನ ಕೆಲಸ. ನನ್ನ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. "ನಂದೂ ಮಾಡ್ತೀರಾ ಚಿಕ್ಕಮ್ಮ?" ಎಂದರೆ, "ಇವಳದು ಮುಗೀಲಿ" ಎನ್ನುವರು. ಮುಗಿದಾಗ ಅದಕ್ಕೆ ಅವರು ಜಾಸ್ತಿ ಬಣ್ಣ ಹಾಕಲಿಲ್ಲ. ಜೇನಿನಂಥ ಒಂದು ಕಂದು, ತುಟಿಗೆ ಒಂದಿಷ್ಟು ಕೆಂಪು. ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು. ಅಜ್ಜಿಯೂ ಅದನ್ನು ಮುಟ್ಟಿ ನೋಡಿದಳು. ಅವ್ವ ಮುಟ್ಟಲಿಲ್ಲ.

ಅದೇ ವರ್ಷ ಚಿಕ್ಕಪ್ಪನಿಗೆ ಯಳಂದೂರಿನಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಮೇಲ್ವಿಚಾರಣೆ ಕೆಲಸ ಸಿಕ್ಕಿತು. ಅವರ ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದರು. ಹೊರಡುವ ಮುಂಚಿನ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಿ ಅವ್ವನಿಗೆ, "ಅಕ್ಕ, ಸರಸೂನ ನಮ್ಮ ಜೊತೆ ಕಳಿಸಿಕೊಡಿ. ಅಲ್ಲೇ ಓದಿಸ್ತೀನಿ. ಮಗಳ ಥರ ನೋಡ್ಕೋತೀನಿ" ಎಂದರು. ಎಷ್ಟು ದಿನದಿಂದ ಆ ಮಾತನ್ನು ಒಳಗೇ ಆಡಿಕೊಂಡಿದ್ದರೋ. ಅಪ್ಪ ಅವ್ವನ ಮುಖ ನೋಡಿದ. ಅವ್ವ ಹೇಳಿದಳು: "ಎತ್ತೋಳು ನಾನಿನ್ನೂ ಬದ್ಕಿವ್ನಿ ಕಣಮ್ಮ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಕಿವಿಯಲ್ಲಿ ಕೂತದ್ದು ಒಂದೇ: ಕೇಳಿದ್ದು ಸರಸೂನ, ನನ್ನನ್ನಲ್ಲ. ಅಕ್ಕ ಹೊರಟುಹೋಗುತ್ತಾಳೆ ಎಂಬ ದುಃಖವಾಗಲಿ, ಅವ್ವ ಬಿಡಲಿಲ್ಲ ಎಂಬ ಸಮಾಧಾನವಾಗಲಿ ಹತ್ತಿರವೂ ಬರಲಿಲ್ಲ. ಎಂಜಲು ಕೈಯಲ್ಲೇ ಎದ್ದು ನಿಂತು, "ನನ್ನ ಕರ್ಕಂಡೋಗಿ ಚಿಕ್ಕಮ್ಮ, ನಾನ್ ಬತ್ತೀನಿ" ಎಂದೆ.

ಅವ್ವ ನನ್ನ ಕಡೆ ತಿರುಗಿದ ರೀತಿಯನ್ನು ಹೇಗೆ ಬರೆಯಲಿ? ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುದಿಯುವ ಹಂಡೆಯಿಂದ ಚಿಮ್ಮಿದ ಹನಿ ಕೈಗೆ ಬಿದ್ದರೆ ಅವಳ ಮುಖ ಹೇಗೆ ಒಂದು ಗಳಿಗೆ ಬಿಗಿದುಕೊಳ್ಳುತ್ತಿತ್ತೋ ಹಾಗೆ ಬಿಗಿದುಕೊಂಡಿತು. ಆಮೇಲೆ ಮೆಲ್ಲಗೆ, "ಓಗಂಗಿದ್ರೆ ಓಗು. ಕರ್ಕಂಡೋಗು ತಾಯಿ ಇವ್ಳನ್ನ, ಬಾಯ್ಬಿಟ್ಟು ಕೇಳ್ಬುಟ್ಟವ್ಳಲ್ಲ" ಎಂದಳು. ಸರಸಕ್ಕ ತಲೆಯೆತ್ತಲಿಲ್ಲ. ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದಳು.

ಹೀಗೆ ನಾನು ಗೆದ್ದು ಯಳಂದೂರಿಗೆ ಹೋದೆ. ಎರಡು ಕೋಣೆಯ ಮನೆ, ಮುಂದೆ ಜಗಲಿ, ಜಗಲಿಯ ಮೇಲೆ ನಮ್ಮ ತೊಗಲಿನ ಕೆಲಸ. ಅಲ್ಲಿ ಬೈಯುವ ಅಜ್ಜಿ ಇರಲಿಲ್ಲ. ನೋಡಲು ಬಂದ ಓಣಿಯ ಹೆಣ್ಣುಮಕ್ಕಳಿಗೆ ಚಿಕ್ಕಮ್ಮ ಎಲೆ ಅಡಿಕೆ ಕೊಟ್ಟು ಕೂರಿಸುತ್ತಿದ್ದರು; ಅವರಲ್ಲಿ ಯಾರಾದರೂ ಕತ್ತರಿ ಮುಟ್ಟಿದರೂ ನನಗೆ ಮೈ ಉರಿಯುತ್ತಿತ್ತು. ನನ್ನ ಕೈ ನಿಧಾನವಾಗಿ ಪಳಗಿತು. ನೆರಳಲ್ಲಿ ಒಣಗಲು ಬಿಟ್ಟು ಕಾಯುವುದನ್ನೂ ಕಲಿತೆ. ನಾನು ಮಾಡಿದ ಹುಲಿಯನ್ನು ಶಾಲೆಯ ನಾಟಕಕ್ಕೆ ಕೇಳಿಕೊಂಡು ಹೋದರು. ಆದರೆ ನಾನು ಮಲಗುತ್ತಿದ್ದ ಕೋಣೆಯ ಗೋಡೆಯ ಮೇಲೆ ಚಿಕ್ಕಮ್ಮ ಸರಸಕ್ಕನ ಮುಖವಾಡವನ್ನು ತೂಗುಹಾಕಿದ್ದರು. ದಿನಾ ಏಳುವಾಗ ಮೊದಲು ಕಾಣುತ್ತಿದ್ದದ್ದು ಅದೇ. ಚಿಕ್ಕಮ್ಮ ನನ್ನನ್ನು ಕರೆಯುವಾಗ ಎಷ್ಟೋ ಸಲ, "ಸರಸೂ..." ಎಂದು ಶುರುಮಾಡಿ, "ಪದ್ಮಾ, ಉಳಿ ಕೊಡು" ಎಂದು ತಿದ್ದಿಕೊಳ್ಳುತ್ತಿದ್ದರು. ನಾನು ಉಳಿ ಕೊಡುತ್ತಿದ್ದೆ. ಪ್ರೀತಿಗೆ ಕೊರತೆ ಮಾಡಿದರು ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಜ್ವರ ಬಂದರೆ ಹಾಸಿಗೆ ಬಿಟ್ಟು ಕದಲದೆ ನೋಡಿಕೊಂಡ ಹೆಂಗಸು. ಆದರೂ ಅವರು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಒಂದು ರಜೆಯಲ್ಲಿ, ನಾನು ಕೇಳದೆಯೇ, "ಬಾ, ನಿನ್ನ ಮುಖ ಮಾಡೋಣ" ಎಂದು ಮಣ್ಣು ಕಲಸಿದರು. ನನಗೆ ಉಸಿರು ಬಿಡಲೂ ಭಯ. ಹಣೆ ಆಯಿತು, ಮೂಗು ಆಯಿತು. ಗಲ್ಲಕ್ಕೆ ಬಂದಾಗ ಅವರ ಬೆರಳು ನಿಂತಿತು. "ಥೇಟ್ ನಿಮ್ಮವ್ವ ಕಣೇ ನೀನು" ಎಂದರು. ಕೈಯ ಮಣ್ಣು ಒರೆಸಿಕೊಂಡು, ಎದ್ದು ಒಲೆಯ ಕಡೆ ಹೋದರು. ಮಾರನೆಯ ದಿನ ನೋಡಿದರೆ ಮಣ್ಣು ಮತ್ತೆ ಬರೀ ಉಂಡೆಯಾಗಿ ಒದ್ದೆ ಬಟ್ಟೆಯ ಅಡಿ ಇತ್ತು. ಇಬ್ಬರು ಹೆಣ್ಣುಮಕ್ಕಳ ತಾಯಿಯ ಮುಖವನ್ನು ತನ್ನ ಕೈಯಿಂದಲೇ ಎಬ್ಬಿಸುವುದು ಅವರಿಗೆ ಆಗಲಿಲ್ಲ ಎಂದು ತಿಳಿಯಲು ನಾನೂ ದೊಡ್ಡವಳಾಗಬೇಕಾಯಿತು.

ಹಬ್ಬಕ್ಕೆ ಕೊಳ್ಳೇಗಾಲಕ್ಕೆ ಹೋದರೆ ಅಲ್ಲಿ ಇನ್ನೊಂದು ಕಿಚ್ಚು ಕಾದಿರುತ್ತಿತ್ತು. ಹಿಂಬಾಗಿಲಲ್ಲಿ ಅವ್ವ ಸರಸಕ್ಕನ ಮಣಿಕಟ್ಟು ಹಿಡಿದು, ಹಂಡೆಯ ಆವಿಯ ಮೇಲೆ ಅವಳ ಅಂಗೈ ಆಡಿಸಿ, ಎಷ್ಟು ಬಿಸಿಗೆ ರೇಷ್ಮೆ ಇಳಿಸಬೇಕೆಂದು ಹೇಳಿಕೊಡುತ್ತಿದ್ದಳು. ನಮ್ಮನ್ನು ಕಟ್ಟಿಗೆ ಎತ್ತಿ ಓಡಿಸುತ್ತಿದ್ದ ಅದೇ ಹಂಡೆ! ಅಕ್ಕನ ಕೈಯೂ ಮೊಳಕೈವರೆಗೆ ಕೆಂಪಾಗಿತ್ತು. ಇಬ್ಬರೂ ಒಂದೇ ಥರ ಸೆರಗು ಸಿಕ್ಕಿಸಿಕೊಂಡಿದ್ದರು. ನನಗೆ ಅವ್ವ ಮಣೆ ಹಾಕಿ ಮೊದಲು ಬಡಿಸಿದಳು, "ಇನ್ನೊಂದ್ ಒಬ್ಬಟ್ಟು ಆಕ್ಲಾ?" ಎಂದು ನೆಂಟರನ್ನು ಕೇಳುವಂತೆ ಕೇಳಿದಳು. ಆಮೇಲೆ ಅವರಿಬ್ಬರೂ ಒಲೆಯ ಹತ್ತಿರ ಕೂತು ಒಟ್ಟಿಗೆ ಉಂಡರು. ನಾನು ತಂದಿದ್ದ ನವಿಲಿನ ಮುಖವಾಡವನ್ನು ಅವ್ವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದಳು, ಹೆಬ್ಬೆರಳಲ್ಲಿ ಬಣ್ಣವನ್ನು ಉಜ್ಜಿದಳು. "ಚೆಂದಾಗ್ ಕುಂತದೆ. ನಿಮ್ ಚಿಕ್ಕಮ್ಮಂಗೂ ಇಂಥದೇ ಒಂದು ಮಾಡ್ಕೊಟ್ಟಿದೀಯಾ?" ಎಂದಳು. ಹೌದು ಎಂದೆ. ಅವಳು ಅದನ್ನು ಗೂಡಿನಲ್ಲಿಟ್ಟು ಎದ್ದಳು.

ವರ್ಷಗಳು ಹಾಗೇ ಕಳೆದವು. ಅಜ್ಜಿ ಹೋದಳು, ಅಪ್ಪ ಹೋದ. ಸರಸಕ್ಕನನ್ನು ಹನೂರಿನ ಅಂಗಡಿಯವರ ಮನೆಗೆ ಕೊಟ್ಟರು. ನಾನು ಓದು ಮುಗಿಸಿ ಕಾಮಗೆರೆಯ ಶಾಲೆಯಲ್ಲಿ ಮೇಡಂ ಆದೆ. ಎಪ್ಪತ್ತರ ದಶಕದ ನಡುವೆ ಚಿಕ್ಕಮ್ಮ ಕಾಮಾಲೆಯಾಗಿ ಹೆಚ್ಚು ದಿನ ನರಳದೆ ತೀರಿಕೊಂಡರು. ಯಳಂದೂರಿನ ಜಗಲಿಯ ಮೇಲೆ ಅವರನ್ನು ಮಲಗಿಸಿದ್ದಾಗ ಹನೂರಿನಿಂದ ಬಂದ ಸರಸಕ್ಕ ಅವರ ಪಾದದ ಮೇಲೆ ಬಿದ್ದು ಎದೆ ಒಡೆಯುವ ಹಾಗೆ ಅತ್ತಳು. ಅಷ್ಟು ಮಾತು ಕಡಿಮೆಯ ಅಕ್ಕನೊಳಗೆ ಅಷ್ಟು ಅಳು ಎಲ್ಲಿತ್ತೋ. ದೂರದಿಂದ ಬಂದವರು ಅವಳೇ ಸಾಕುಮಗಳೆಂದು ತಿಳಿದು ಬೆನ್ನು ಸವರಿ ಸಮಾಧಾನ ಹೇಳಿದರು. ಚಿಕ್ಕಮ್ಮನ ಬಾಯಿಗೆ ಕೊನೆಯವರೆಗೂ ನೀರು ಬಿಟ್ಟಿದ್ದ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಹೇಳಲು ನಾಚಿಕೆ, ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು.

ತಿಥಿ ಮುಗಿದ ಮೇಲೆ ಚಿಕ್ಕಪ್ಪ ಗೋಡೆಯಿಂದ ಮುಖವಾಡವನ್ನು ಇಳಿಸಿ ಸರಸಕ್ಕನಿಗೆ ಕೊಡಲು ಹೋದರು. ಅವಳು ಕೈ ಚಾಚಲಿಲ್ಲ. "ನಂಗ್ ಬ್ಯಾಡ ಚಿಕ್ಕಪ್ಪ. ಅದ್ರ ಕೆಳಗೆ ಬೆಳ್ದೋಳು ಇವ್ಳು, ಇವ್ಳಿಗೇ ಕೊಡಿ" ಎಂದಳು. ಆಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ ಮಾತು ಮುಂದುವರಿಸಿದಳು. "ನಂಗೂ ಬರ್ಬೇಕು ಅಂತ ಎಷ್ಟ್ ಆಸೆ ಇತ್ತು ಗೊತ್ತೇನೇ ಪದ್ದಿ? ಅವತ್ತು ಊಟಕ್ಕೆ ಕುಂತಿದ್ದಾಗ ಬಾಯೇ ಬರ್ಲಿಲ್ಲ. ನೀನು ಕೇಳ್ದೆ, ಬಂದೆ. ದಿನಾ ಹಂಡೆ ಮುಂದೆ ನಿಂತ್ಕಂಡು, ಅವ್ಳು ಈಗ ಚಿಕ್ಕಮ್ಮನ ಜೊತೆ ಏನ್ ಮಾಡ್ತಾವ್ಳೋ ಅಂತ ಉರ್ಕಂತಿದ್ದೆ." ನಾನು ತೊಳೆದ ಚೊಂಬನ್ನೇ ಮತ್ತೆ ತೊಳೆದೆ. "ನಾನು ನಿನ್ನ ಹಂಡೆ ನೆನಸ್ಕಂಡು ಉರ್ಕಂತಿದ್ದೆ" ಎಂದು ಹೇಳಬೇಕಿತ್ತು. ಈಗ ಬಾಯಿ ಬಾರದೆ ಹೋದದ್ದು ನನಗೆ.

ತಿಥಿಗೆ ಬಂದಿದ್ದ ಅವ್ವನನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೊರಟೆವು. ಅವ್ವ ನಡುವೆ, ನಾನೂ ಸರಸಕ್ಕನೂ ಆ ಕಡೆ ಈ ಕಡೆ. ಅವ್ವ ಯಳಂದೂರಿನಲ್ಲಿ ಅತ್ತಿರಲಿಲ್ಲ. ಬಸ್ಸು ಗದ್ದೆ ಬಯಲಿಗೆ ಬಂದ ಮೇಲೆ, ಯಾರಿಗೂ ಅಲ್ಲ ಎಂಬಂತೆ, "ಒಳ್ಳೇ ಹೆಂಗ್ಸು ಕಣವ್ವ. ನಾನೇ ಒಂದಿನಾನೂ ನೆಟ್ಟಗೆ ಮಾತಾಡ್ನಿಲ್ಲ" ಎಂದಳು. ಸ್ವಲ್ಪ ಹೊತ್ತಿಗೆ ತೂಕಡಿಸತೊಡಗಿದಳು. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳ ತಲೆ ಮೆಲ್ಲಗೆ ಜಾರಿ ನನ್ನ ಭುಜದ ಮೇಲೆ ಕೂತಿತು. ಕೂದಲಿನಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು. ನನಗೆ ನೆನಪಿರುವಂತೆ ಅವ್ವ ನನ್ನ ಮೇಲೆ ಹಾಗೆ ಭಾರ ಬಿಟ್ಟದ್ದು ಅದೊಂದೇ ಸಲ. ಸರಸಕ್ಕ ಒಮ್ಮೆ ತಿರುಗಿ ನೋಡಿ, ಬೇಗನೆ ಮುಖವನ್ನು ಕಿಟಕಿಯ ಕಡೆಗೆ ಹೊರಳಿಸಿದಳು. ಅವರಿಬ್ಬರೂ ಈಗ ಇಲ್ಲ. ಆ ನೋಟ ಏನೆಂದು ಕೇಳಿದ್ದರೂ ಅಕ್ಕ ಹೇಳುತ್ತಿರಲಿಲ್ಲ. ಕೇಳುವ ಅಗತ್ಯ ನನಗಿರಲಿಲ್ಲ. ಕೊಳ್ಳೇಗಾಲ ಬರುವವರೆಗೂ ನಾನು ಭುಜ ಅಲ್ಲಾಡಿಸದೆ ಕೂತಿದ್ದೆ.