ಗೆರೆ ತುಂಬದ ಬಾಬಿನ್ ಕೇಸು

ಹೊಲಿಗೆಯಕ್ಕನ ಮಿಷನ್ನು ನಡುನಡುವೆ ಟಾಕು ಬಿಡುತ್ತಿತ್ತು. ಆಸ್ಪತ್ರೆಯ ಹನ್ನೆರಡು ಏಪ್ರನ್ ಮರುದಿನ ಬೆಳಿಗ್ಗೆ ಕೊಡಬೇಕು, ತಪ್ಪಿದರೆ ಆ ಕೆಲಸ ಬೇರೆಯವರ ಪಾಲು. ಕಣ್ಣು ಮಂಜಾದ ಮೇಲೆ ಅವಳು ತಾನೇ ಮಿಷನ್ನು ಬಿಚ್ಚುವುದನ್ನು ಬಿಟ್ಟಿದ್ದಳು. ಅದಕ್ಕೇ ಬೀದಿಯಲ್ಲಿ ಕೂಗುತ್ತಾ ಹೋಗುತ್ತಿದ್ದ ರಿಪೇರಿಯವನನ್ನು ಕರೆದಳು. ನಲವತ್ತರ ಆಳು, ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು.

"ಅಕ್ಕಾ, ನಿಮ್ಮ ಕೈಲಿದೆ ಅಂತ ಈ ಮಿಷನ್ನು ಇನ್ನೂ ಉಸಿರಾಡ್ತಿದೆ. ಬೇರೆಯವರ ಕೈಲಿದ್ದಿದ್ರೆ ಇಷ್ಟೊತ್ತಿಗೆ ಗುಜರಿ ಸೇರಿರೋದು!"

ಅಕ್ಕ ನಕ್ಕಳು. ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ಅವನು ಒಂದೊಂದು ಭಾಗ ಬಿಚ್ಚಿ ಕೊಟ್ಟ ಹಾಗೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ತುಂಡಿನಿಂದ ಸುತ್ತ ಗೆರೆ ಎಳೆದಳು. ಅದು ಅವಳ ಹಳೇ ಪದ್ಧತಿ.

"ಏನಕ್ಕಾ, ಚಿತ್ರ ಬರೀತಿದ್ದೀರಾ?"

"ಹೂಂ ತಮ್ಮ. ಇರು, ಚಹಾ ತರ್ತೀನಿ."

ಚಹಾ ತಂದು ಬಗ್ಗಿ ನೋಡಿದರೆ, ಅಡಿನೂಲಿನ ಬಾಬಿನ್ ಕೇಸಿಗೂ ಗೆರೆಗೂ ನಡುವೆ ಬಿಳಿ ಬಟ್ಟೆ ಇಣುಕುತ್ತಿತ್ತು.

"ಇದು ಗೆರೆ ತುಂಬ್ತಿಲ್ವಲ್ಲೋ."

"ಬಿಸಿಲಿಗೆ ಕಬ್ಬಿಣ ಕುಗ್ಗುತ್ತೆ ಅಕ್ಕ."

"ಪಕ್ಕದ್ದೆಲ್ಲ ನೆರಳಲ್ಲಿತ್ತಾ?"

ಅವನು ಜೇಬಿನಿಂದ ಅವಳದೇ ಹಳೆಯ ಗಟ್ಟಿ ಕೇಸನ್ನು ತೆಗೆದು ಗೆರೆಯ ಮೇಲಿಟ್ಟ. ಸರಿಯಾಗಿ ಕೂತಿತು.

"ಚಹಾ ಆರುತ್ತೆ, ಕುಡಿ. ಕುಡಿದು ಮಿಷನ್ನು ಜೋಡಿಸು."

"ಅಕ್ಕಾ..." ಈ ಸಲ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ನಂಗೆ ಬಿಚ್ಚೋದಷ್ಟೇ ಗೊತ್ತು. ಸಾಮಾನು ತರ್ತೀನಿ ಅಂತ ಹೊರಟ್ರೆ ಮತ್ತೆ ಆ ಬೀದಿಗೆ ಕಾಲಿಡಲ್ಲ."

ಅಕ್ಕನ ಕಣ್ಣ ಮುಂದೆ ಹನ್ನೆರಡು ಏಪ್ರನ್. ಬೈಯಲು ಹೊತ್ತಿರಲಿಲ್ಲ.

"ಕೂತ್ಕೋ. ನಂಗೆ ಕೆಲಸ ಗೊತ್ತು, ನಿಂಗೆ ಕಣ್ಣಿದೆ. ಕೊನೇ ಗೆರೆಯಿಂದ ಒಂದೊಂದೇ ಜೋಡಿಸ್ತಾ ಹಿಂದಕ್ಕೆ ಬಾ."

ಗೆರೆ ಗೆರೆಯಾಗಿ ಬಂದರು. ಬಟ್ಟೆ ತಳ್ಳುವ ಮಿಷನ್ನಿನ ಹಲ್ಲಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ನೂಲಿನ ಗಂಟನ್ನು ಅವನೇ ಸೂಜಿಯಿಂದ ಕಿತ್ತ. ಟಾಕು ಬಿಡುತ್ತಿದ್ದುದು ಅದರಿಂದಲೇ. ಸಂಜೆ ನಾಲ್ಕಕ್ಕೆ ಮಿಷನ್ನು ಓಡಿತು. ಅವನು ಚಿಕ್ಕವರ ಹಾಗೆ ಕೈ ತಟ್ಟಿದ. ಅಕ್ಕ ಸೀಮೆಸುಣ್ಣದ ತುಂಡನ್ನು ಮುರಿದು ಅರ್ಧವನ್ನು ಅವನ ಕೈಗಿಟ್ಟಳು.

ಏಪ್ರನ್ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿತು, ಮುಂದಿನ ತಿಂಗಳದ್ದೂ ಅವಳಿಗೇ ಬಂತು. ಒಂದು ದಿನ ಹಿಂದಿನ ಬೀದಿಯ ದರ್ಜಿ ಬಂದು, "ನಿಮ್ಮ ತಮ್ಮ ಅಂತ ಹೇಳ್ಕೊಂಡು ಒಬ್ಬ ಬಂದಿದ್ದ. ಬಟ್ಟೆ ಹಾಸಿ, ಗೆರೆ ಎಳೆದು, ನಮ್ಮ ಮಿಷನ್ನು ಚೆನ್ನಾಗಿ ಮಾಡಿಕೊಟ್ಟ" ಎಂದ.

"ಅವನ ಮಾತು ಹೇಗಿದೆ? ಇನ್ನೂ ಬೆಣ್ಣೆನಾ?"

"ಅಯ್ಯೋ, ಅದಿನ್ನೂ ರಿಪೇರಿ ಆಗಿಲ್ಲಕ್ಕ!"